ಜಾತಕ ನೋಡದೆ ತಂದ ಅಳಿಯ

“ಮುಟ್ಟಬೇಡಿ ಭಟ್ರೇ, ಬೋಂಡಾ ತಿಂದ ಕೈ ನಿಮ್ದು!”

ಭಟ್ರು ಚಾಚಿದ ಕೈಯನ್ನ ಪಂಚೆಗೆ ಒರೆಸಿಕೊಂಡ್ರು. ಗಾಲ್ಫ್ ಅಭ್ಯಾಸದ ಡ್ರೈವಿಂಗ್ ರೇಂಜಿನ ಕಲ್ಲುಬೆಂಚಿಗೆ, ಟೀ ಲೋಟಗಳ ಪಕ್ಕದಲ್ಲಿ, ಕಪ್ಪು ವೆಲ್ವೆಟ್ ಟೊಪ್ಪಿಗೆ ಹಾಕಿಕೊಂಡು ಸುಬ್ಬಣ್ಣನ ಹೊಸ ಡ್ರೈವರ್, ದೂರ ಹೊಡೆಯೋ ಕ್ಲಬ್ಬು, ಒರಗಿತ್ತು. ಬೆಲೆ 58,000 ರೂಪಾಯಿ.

“ಅಳಿಯನ್ನ ಕರ್ಕೊಂಡು ಬಂದಿದೀನಿ ಅನ್ನಬಾರದೇನಯ್ಯ? ಪೇಟ ಬೇರೆ ಸುತ್ತಿದೀಯ.”

“ಅಳಿಯ ಯಾಕಾಗ್ತಾನೆ?”

“ಸಾಲ ಮಾಡಿ ತಂದಿದೀಯ. ಹಳಬರನ್ನೆಲ್ಲ ಎಬ್ಬಿಸಿ ಬ್ಯಾಗಲ್ಲಿ ಜಾಗ ಮಾಡಿಕೊಟ್ಟಿದೀಯ. ಇನ್ನೂ ಒಂದು ಕಡ್ಡಿ ಕೆಲಸ ಮಾಡಿಲ್ಲ, ಆದ್ರೂ ಗದರಿಸೋ ಹಾಗಿಲ್ಲ. ಅಳಿಯ ಅಲ್ದೆ ಇನ್ನೇನು?”

ಗೌಡ್ರಿಗೆ ಖುಷಿಯಾಯ್ತು. “ಅದಕ್ಕೇ ಹೇಳೋದು. ನಂದು ಬ್ಯಾಗೂ ಸೇರಿ ಪೂರ್ತಿ ಸೆಟ್ಟು 18,000. ಹೊಡೆಸಿಕೊಳ್ಳೋ ಚೆಂಡಿಗೇನು ಗೊತ್ತು ಬೆಲೆ?”

“ಚೆಂಡಿಗೆ ಗೊತ್ತಿಲ್ಲ, ಚೆಂಡು ಎತ್ತಿ ಹೊಡೆಯೋ ನಿಮ್ಮ ವೆಜ್ ಕ್ಲಬ್ಬಿಗೆ ಗೊತ್ತಿತ್ತು ಗೌಡ್ರೇ. ಹೋದ ಭಾನುವಾರ ಚೆಂಡು ಇದ್ದಲ್ಲೇ ಇತ್ತು, ಕ್ಲಬ್ಬಿನ ತಲೆ ಹೋಯ್ತು.”

“ಬಂಕರಿನ ಮರಳುಗುಂಡಿನೂ ದಾಟ್ತು ಸಾರ್,” ಅಂದ ಮುನಿರಾಜು, ಚೆಂಡಿನ ಬುಟ್ಟಿ ಇಳಿಸ್ತಾ.

“ಅಂಟು ಹಾಕಿದೀನಲ್ಲ!”

“ಚಪ್ಪಲಿಗೆ ಹಾಕೋ ಅಂಟು ಹಾಕಿದೀರ,” ಅಂದ್ರು ಭಟ್ರು. “ಒಳಗಿನ ಹಳೇ ಅಂಟನ್ನ ಪೂರ್ತಿ ಕೆರೀಬೇಕು. ಶಾಫ್ಟಿನ, ಅಂದ್ರೆ ಕ್ಲಬ್ಬಿನ ಕೋಲಿನ, ತುದಿಗೆ ಒಂದಿಂಚು ಉಪ್ಪುಕಾಗದ ತಿಕ್ಕಿ ಒರಟು ಮಾಡ್ಬೇಕು. ಎರಡು ಟ್ಯೂಬಿನ ಎಪಾಕ್ಸಿ ಸಮಸಮ ಕಲಸಿ, ತಿರುಗಿಸ್ತಾ ತಿರುಗಿಸ್ತಾ ಇಳಿಸಿ, 24 ಗಂಟೆ ಅದರ ತಂಟೆಗೆ ಹೋಗಬಾರದು. ಆಮೇಲೂ ಅಷ್ಟೇ, ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಲಿ ವಾರಗಟ್ಟಲೆ ಬೇಯಿಸಿದ್ರೆ ಎಂಥಾ ಎಪಾಕ್ಸಿನೂ ಸೋಲುತ್ತೆ. ಇನ್ನು ನಿಮ್ಮ ಐರನ್ ಕ್ಲಬ್ಬುಗಳೋ, ಹೆಸರಿಗೆ ಐರನ್. ಅದು ಸತುವಿನ ಮಿಶ್ರಲೋಹ. ಕಲ್ಲಿಗೆ ತಾಗಿದ್ರೆ ಗುಳಿ ಬೀಳುತ್ತೆ, ಕೋನ ತಿದ್ದೋಣ ಅಂತ ಬಗ್ಗಿಸಿದ್ರೆ ಪಟ್ ಅಂತ ಮುರಿಯುತ್ತೆ. 17-4 ಅನ್ನೋ ಸ್ಟೇನ್‌ಲೆಸ್ ಸ್ಟೀಲಿನ ಎರಕ ಆಗಿದ್ರೆ ಎರಡು ಡಿಗ್ರಿ ಬಗ್ಗೋದು. ಬಡಿದು ಮಾಡಿದ ಮೆತ್ತನೆ ಕಾರ್ಬನ್ ಸ್ಟೀಲ್ ಇನ್ನೂ ಸಲೀಸು.”

ಸುಬ್ಬಣ್ಣ ಎದೆ ಉಬ್ಬಿಸಿದ. “ಅಂದ್ರೆ ದುಬಾರಿದೇ ಸರಿ ಅಂತಾಯ್ತು.”

“ಅವಸರ ಬೇಡ, ನಿನ್ನ ಮನೆಗೂ ಬರ್ತೀನಿ.”

ಮೂರ್ತಿ ಮೊಬೈಲಿಂದ ಕಣ್ಣೆತ್ತಲಿಲ್ಲ. “ಈ ವರ್ಷದ ಮಾಡೆಲ್ಲು ಹೋದ ವರ್ಷದ್ದಕ್ಕಿಂತ 10 ಗಜ ಜಾಸ್ತಿ ಅಂತ ಹಾಕಿದಾರೆ ಭಟ್ರೇ.”

“ಹೋದ ವರ್ಷವೂ ಹಾಗೇ ಹಾಕಿದ್ರು. ಅದರ ಹಿಂದಿನ ವರ್ಷವೂ. ವರ್ಷಕ್ಕೆ 10 ಗಜದ ಹಾಗೆ 20 ವರ್ಷಕ್ಕೆ ಎಷ್ಟಾಯ್ತು? 200. ಸುಬ್ಬಣ್ಣನ 190 ಸೇರಿಸು. ಇವನ ಚೆಂಡು ಇವತ್ತು ಹೈವೇ ದಾಟಿ ಆ ಕಲ್ಯಾಣ ಮಂಟಪದ ಸಾರಿನ ಪಾತ್ರೆಗೆ ಬೀಳಬೇಕಿತ್ತು.”

“ಬೀಳಲ್ಲ ಸಾರ್,” ಅಂದ ಮುನಿರಾಜು.

“ಹೇಗೆ ಬಿದ್ದೀತು? ತಲೆ 460 ಸಿಸಿ ಮೀರಬಾರದು ಅಂತ 2004ರಲ್ಲೇ ಕಟ್ಟು ಹಾಕಿದಾರೆ. ಮುಖ ಚೆಂಡನ್ನ ಎಷ್ಟು ಪುಟಿಸಬಹುದು ಅನ್ನೋದಕ್ಕೂ ಗಡಿ ಇದೆ, 0.83. ದೊಡ್ಡ ಕಂಪನಿಗಳೆಲ್ಲ ಆ ಗೋಡೆಗೆ ಮೂಗು ತಾಗಿಸಿಕೊಂಡು ನಿಂತು ಎಷ್ಟೋ ವರ್ಷ ಆಯ್ತು. ಹತ್ತು ವರ್ಷದ ಹಳೇ ಡ್ರೈವರ್ ಚೆನ್ನಾಗಿದ್ರೆ ಅದರ ಮುಖವೂ ಇಷ್ಟೇ ಪುಟಿಸುತ್ತೆ. ಬದಲಾಗೋದು ಅಂಗಿಯ ಬಣ್ಣ.”

“ಐರನ್ ಹಾಗಲ್ಲ,” ಅಂದ ಮೂರ್ತಿ. “ನನ್ನ ಹೊಸ 7 ಐರನ್ ಹಳೇದಕ್ಕಿಂತ 12 ಗಜ ಜಾಸ್ತಿ ಹೋಗುತ್ತೆ. ಅಳೆದಿದೀನಿ.”

“ಹೋಗ್ಲೇಬೇಕು. ಹಳೇ 7ರ ಲಾಫ್ಟ್, ಅಂದ್ರೆ ಮುಖದ ಓರೆ, ಎಷ್ಟು, 35 ಡಿಗ್ರಿ. ಹೊಸದು?”

ಮೂರ್ತಿ ಹುಡುಕಿದ. “…29.”

“ಓರೆ ಕಮ್ಮಿಯಾದ್ರೆ ದೂರ ಜಾಸ್ತಿ. ನನ್ನ ಹಳೇ ಸೆಟ್ಟಲ್ಲಿ ಅದನ್ನ 5 ಅಂತಿದ್ವಿ. ನಂಬರ್ ಅಳಿಸಿ 7 ಅಂತ ಕೆತ್ತಿ ನಿನಗೆ ಮಾರಿದಾರೆ. ಅಲ್ಲಿಗೇ ಮುಗೀಲಿಲ್ಲ. ಪಿಚಿಂಗ್ ವೆಜ್ಜೂ 43 ಡಿಗ್ರಿಗೆ ಇಳೀತು. ಅದಕ್ಕೂ 56 ಡಿಗ್ರಿ ವೆಜ್ಜಿಗೂ ನಡುವೆ ಹಳ್ಳ ಬಿತ್ತು. ಹಳ್ಳ ಮುಚ್ಚೋಕೆ ಗ್ಯಾಪ್ ವೆಜ್ ಅಂತ ಇನ್ನೊಂದು ಕೊಂಡೆ ತಾನೇ?”

“ಕೊಂಡೆ.”

“ಅಳಿಯನ ಹಿಂದೆ ಅಳಿಯನ ತಮ್ಮ. ಅವನಿಗೂ ಹೊಸ ಬಟ್ಟೆ.”

ಗೌಡ್ರು ನಕ್ಕ ರಭಸಕ್ಕೆ ಟೀ ಚೆಲ್ಲಿತು. ಸುಬ್ಬಣ್ಣ ಡ್ರೈವರನ್ನ ಥಟ್ಟನೆ ಎತ್ತಿಕೊಂಡ, ಮಗು ಎತ್ತಿಕೊಂಡ ಹಾಗೆ.

“ಆಯ್ತು, ಅಳಿಯನೇ ಅಂತಿಟ್ಕೊಳ್ಳಿ. ಒಳ್ಳೇ ಮನೆತನದ ಅಳಿಯ.”

“ಮನೆತನ ಸರಿ, ಜಾತಕ ತೋರಿಸಿದ್ಯಾ? ಲಾಫ್ಟ್ ಎಷ್ಟು ಇದು?”

“9 ಡಿಗ್ರಿ. ಶಾಫ್ಟ್ ಸ್ಟಿಫ್. ಟೀವೀಲಿ ಎಲ್ಲಾ ಅದೇ…”

“ಟೀವೀಲಿ ಆಡೋರು ಬೀಸೋದು ಗಂಟೆಗೆ 110 ಮೈಲಿ ಮೇಲೆ. ಮೂರ್ತಿ, ಇವನದೆಷ್ಟು?”

“82. ಟೀ ಕುಡಿಯೋಕೆ ಮುಂಚೆ.”

“ಸ್ಟಿಫ್ ಶಾಫ್ಟ್ ಕೇಳೋದು 95 ಮೇಲೆ. ನಿನ್ನ 82ಕ್ಕೆ ಅದು ಬಗ್ಗೋದೂ ಇಲ್ಲ, ನೆಟ್ಟಗಾಗೋದೂ ಇಲ್ಲ. ಮುಖ ಮುಚ್ಚೋದ್ರೊಳಗೆ ಚೆಂಡು ಹೋಗಾಗಿರುತ್ತೆ, ಬಲಕ್ಕೆ, ಕೆಳಗೆ. ನಿನಗೆ ಬೇಕಿದ್ದದ್ದು 12 ಡಿಗ್ರಿ, ಮೆತ್ತನೆ ಸೀನಿಯರ್ ಶಾಫ್ಟ್. ರಾಶಿ ಕೂಡಿಲ್ಲ, ಗಣ ಕೂಡಿಲ್ಲ, ಟೊಪ್ಪಿಗೆ ಚೆನ್ನಾಗಿದೆ ಅಂತ ತಾಳಿ ಕಟ್ಟಿಸಿದೀಯ. ಗೌಡ್ರ ಐರನ್‌ದೂ ಇದೇ ಕಥೆ. ಬಿಳೀ ಹಲಗೆ ಮಾರ್ಕರಲ್ಲಿ ಚೆಂಡಿನ ಬೆನ್ನಿಗೆ ನೆಟ್ಟಗೊಂದು ಗೆರೆ ಎಳೀರಿ, ಆ ಗೆರೆ ಕ್ಲಬ್ಬಿನ ಕಡೆ ಇರೋ ಹಾಗಿಟ್ಟು ಹೊಡೀರಿ. ಐರನ್ ಮುಖದ ಮೇಲೆ ಗೆರೆ ಅಚ್ಚಾಗುತ್ತೆ. ನೆಟ್ಟಗಿದ್ರೆ ಸರಿ. ಮೇಲ್ತುದಿ ಟೋ ಕಡೆ, ಅಂದ್ರೆ ತಲೆಯ ಹೊರತುದಿಗೆ, ಓರೆಯಾದ್ರೆ ಲೈ, ಅಂದ್ರೆ ನೆಲಕ್ಕೂ ಕೋಲಿಗೂ ಇರೋ ಕೋನ, ಹೆಚ್ಚಾಯ್ತು, ಚೆಂಡು ಎಡಕ್ಕೆ. ಕೋಲು ಸೇರೋ ಹೀಲ್ ಕಡೆ ಓರೆಯಾದ್ರೆ ಕಮ್ಮಿಯಾಯ್ತು, ಬಲಕ್ಕೆ. ಜಾತಕ ನೋಡೋಕೆ ಒಂದು ಮಾರ್ಕರ್ ಸಾಕು.”

“ಕುಣಿಯಲಾರದವರು ನೆಲ ಡೊಂಕು ಅಂದ್ರಂತೆ,” ಅಂದ್ರು ಗೌಡ್ರು ಗೊಣಗುತ್ತ.

“ಈ ಆಟದಲ್ಲಿ ನೆಲ ನಿಜವಾಗಿಯೂ ಡೊಂಕು ಗೌಡ್ರೇ. ಅದಕ್ಕೇ ಕುಣಿಯಲಾರದವರೆಲ್ಲ ಇಲ್ಲಿ ಬಂದು ಸೇರಿದೀವಿ.”

ಭಟ್ರು ಜೇಬಿನಿಂದ ಸೀಮೆಸುಣ್ಣದ ತುಂಡು ತೆಗೆದ್ರು. ಸುಬ್ಬಣ್ಣ ಬೇಡ ಬೇಡ ಅನ್ನೋದ್ರೊಳಗೆ ಡ್ರೈವರಿನ ಟೊಪ್ಪಿಗೆ ಕಳಚಿ ಮುಖಕ್ಕೆ ಬಳಿದಾಗಿತ್ತು. “ಹತ್ತು ಹೊಡಿ.”

ಹೊಡೆದ. ಹತ್ತು ಚೆಂಡಿಗೆ ಹತ್ತು ಗುರುತು, ಬಿಳಿ ಮುಖದ ಮೇಲೆ ದುಂಡು ದುಂಡು ಕಪ್ಪು ಚುಕ್ಕಿ. ಮೂರು ಟೋ ಕಡೆ, ನಾಲ್ಕು ಹೀಲ್ ಕಡೆ, ಒಂದು ಮೇಲಂಚಿಗೆ, ಒಂದು ಅಡಿಗೆ. ನಡುವೆ ಒಂದೇ ಒಂದು.

“ರಂಗೋಲಿ ಹಾಕೋಕೂ ಮುಂಚೆ ಇಷ್ಟು ಚುಕ್ಕಿ ಇಡಲ್ಲ ಕಣಯ್ಯ.”

“ಅದಕ್ಕೇ ತಾನೇ ಇದನ್ನ ತಗೊಂಡಿದ್ದು,” ಅಂದ ಸುಬ್ಬಣ್ಣ. “ನಡುವೆ ತಾಗದಿದ್ರೂ ಕ್ಷಮಿಸುತ್ತಂತೆ.”

“ಆ ಮಾತು ನಿಜ. ದೊಂಬರಾಟದವನು ಹಗ್ಗದ ಮೇಲೆ ಉದ್ದ ಕೋಲು ಹಿಡೀತಾನಲ್ಲ, ಅದೇ ಲೆಕ್ಕ. ಭಾರ ಎರಡೂ ತುದಿಗಿದ್ರೆ ತಲೆ ತಿರುಚಿಕೊಳ್ಳೋದು ಕಮ್ಮಿ. ಕಾರ್ಸ್ಟನ್ ಸೋಲ್‌ಹೈಮ್ ಅಂತ ಅಮೆರಿಕದಲ್ಲೊಬ್ಬ ಇಂಜಿನಿಯರ್ ಎರಡು ಸಕ್ಕರೆ ಅಚ್ಚನ್ನ ಐಸ್‌ಕ್ಯಾಂಡಿ ಕಡ್ಡಿಗೆ ಅಂಟಿಸಿ ಇದನ್ನ ಕಂಡ್ಕೊಂಡ. ಮನೆಯ ಗ್ಯಾರೇಜಲ್ಲಿ ಪಟರ್, ಚೆಂಡನ್ನ ಗುಳಿಗೆ ಉರುಳಿಸೋ ಕ್ಲಬ್ಬು, ಮಾಡಿದ, 1959ರಲ್ಲಿ. ಚೆಂಡಿಗೆ ತಾಗಿದಾಗ ಪಿಂಗ್ ಅಂತು, ಅದನ್ನೇ ಹೆಸರಾಗಿಟ್ಟ. ಆದ್ರೆ ಅದೀಗ ಎಲ್ಲರ ಸೊತ್ತು, ನಡುವಿನ ಬೆಲೆಯ ಸೆಟ್ಟಲ್ಲೂ ಇದೆ. ಎರಡು ಮಾಡೆಲ್ ಹಳೇದು, ಒಬ್ಬರ ಕೈಲಿದ್ದದ್ದು, ಮುಖದ ಗ್ರೂವ್ ಗೀರು ಸವೆಯದ್ದು, ತಲೆ ಅಲ್ಲಾಡದ್ದು ನೋಡಿ ತಗೊಂಡ್ರೆ ಅರ್ಧ ದುಡ್ಡು ಉಳಿಯುತ್ತೆ. ಉಳಿದದ್ದರಲ್ಲಿ ಶಾಫ್ಟೂ ಲೈಯೂ ಹೊಂದಿಸಿಕೊ, ವೆಜ್ ಹೊಸದು ತಗೊ. ಎಲ್ಲಿ, ನಿನ್ನ ಪಟರ್ ತೋರಿಸು.”

ಸುಬ್ಬಣ್ಣ ತೋರಿಸಲಿಲ್ಲ. ಮುನಿರಾಜು ಬ್ಯಾಗಿನ ಮೂಲೆಯಿಂದ ಎಳೆದ. ಗ್ರಿಪ್ ಸೀಳಿ, ಒಳಗಿನ ಟೇಪು ಹೊರಬಂದು ಜೋತಾಡ್ತಿತ್ತು.

“ನೋಡ್ರೀ. ಪಾರ್ 72 ಅಂದ್ರೆ ಒಂದು ಸುತ್ತಿಗೆ 72 ಹೊಡೆತ, ಅದರಲ್ಲಿ 36 ಪಟ್‌ಗೇ ಅಂತ ಲೆಕ್ಕ. ಡ್ರೈವರ್ ಹೆಚ್ಚೆಂದ್ರೆ 14 ಸಲ. ಹದಿನಾಲ್ಕು ಸಲ ಮುಖ ತೋರಿಸೋ ಅಳಿಯನಿಗೆ ವೆಲ್ವೆಟ್ಟು, ಮೂವತ್ತಾರು ಸಲ ಬಡಿಸೋ ಮನೆಯಾಕೆಗೆ ಹರಕು ಸೀರೆ! ಟೋಕಿಯೋ ಒಲಿಂಪಿಕ್ಸಲ್ಲಿ ನಮ್ಮೂರ ಅದಿತಿ ಅಶೋಕ್ ಉಳಿದವರಷ್ಟು ದೂರ ಹೊಡೀತಿರಲಿಲ್ಲ. ಅಮ್ಮ ಬ್ಯಾಗ್ ಹೊತ್ರು, ಮಗಳು ಪಟರ್ ಹಿಡಿದು ನಾಲ್ಕನೇ ಸ್ಥಾನಕ್ಕೆ ಬಂದ್ಲು. ಒಂದೇ ಹೊಡೆತದಲ್ಲಿ ಕಂಚು ತಪ್ಪಿತು.”

ಅದನ್ನ ನೆನೆದು ಎಲ್ಲರೂ ಲೊಚಗುಟ್ಟಿದ್ರು. 2021ರ ಆ ಶನಿವಾರ ಪಟ್ಟಿಂಗ್ ಅಂದ್ರೆ ಏನು ಅಂತ ಗೊತ್ತಿಲ್ಲದ ಮನೆಗಳಲ್ಲೂ ಬೆಳಿಗ್ಗೆ ಟೀವಿ ಹಾಕಿದ್ರು.

“ಹೊಸ ಗ್ರಿಪ್ ಹಾಕೋಕೆ ಅಂಗಡಿಗೆ ಹೋಗ್ಬೇಕು,” ಅಂದ ಸುಬ್ಬಣ್ಣ ಮೆಲ್ಲಗೆ.

“ಮನೇಲೇ ಹತ್ತು ನಿಮಿಷದ ಕೆಲಸ. ಕೊಕ್ಕೆ ಬ್ಲೇಡಲ್ಲಿ ಹಳೇದನ್ನ ಸೀಳು, ನಿನ್ನ ಕಡೆಗಲ್ಲ, ಆಚೆಗೆ. ಹಳೇ ಟೇಪಿನ ಚೂರೂ ಉಳೀಬಾರದು. ಎರಡೂ ಕಡೆ ಅಂಟೋ ಟೇಪು ಒಂದು ಸುತ್ತು, ಮೇಲೆ ಅರ್ಧ ಇಂಚು ಜಾಸ್ತಿ ಬಿಟ್ಟು ಕೊಳವೆ ಬಾಯೊಳಕ್ಕೆ ಮಡಚು. ಗ್ರಿಪ್ಪಿನ ತೂತಿಗೆ ಬೆರಳಿಟ್ಟು ಒಳಗೆ ಟರ್ಪೆಂಟೈನ್ ಹುಯ್ದು ಕುಲುಕು, ಅದನ್ನೇ ಟೇಪಿನ ಮೇಲೆ ಧಾರಾಳವಾಗಿ ಸುರಿ. ಒಂದೇ ಏಟಿಗೆ ತಳ್ಳು. ಜಿಪುಣತನ ಮಾಡಿದ್ರೆ ಅರ್ಧದಲ್ಲಿ ಸಿಕ್ಕಿಕೊಂಡು ಹಿಂದಕ್ಕೂ ಬರಲ್ಲ ಮುಂದಕ್ಕೂ ಹೋಗಲ್ಲ. ಪಟರ್ ಗ್ರಿಪ್ಪಿನ ಚಪ್ಪಟೆ ಕಡೆ ಮುಖಕ್ಕೆ ಸರಿಯಾಗಿ ಕೂತಿದೆಯಾ ನೋಡು, ರಾತ್ರಿಯಿಡೀ ಒಣಗಲಿ.”

ಗೌಡ್ರು ಅಂಗೈ ನೋಡಿಕೊಂಡ್ರು. ಅವರ ಗ್ರಿಪ್ಪು ಯಾವತ್ತೋ ಅರ್ಧದಲ್ಲಿ ಸಿಕ್ಕಿಕೊಂಡಿರಬೇಕು.

“ಏಳನೇ ಹೋಲಿನ ಕೆರೆ ಇದೆಯಲ್ಲ,” ಅಂದ ಸುಬ್ಬಣ್ಣ, ಯಾರ ಮುಖವನ್ನೂ ನೋಡದೆ. “ಮೂರು ವರ್ಷದ ಹಿಂದೆ ಆರಾಮಾಗಿ ದಾಟ್ತಿದ್ದೆ. ಹೋದ ವರ್ಷ ಆಚೆ ದಡದ ಕಲ್ಲಿಗೆ ಬೀಳ್ತಿತ್ತು. ಈ ವರ್ಷ ನೀರಿಗೆ. ಅಂಗಡಿಯವನು ಪರದೆ ಮೇಲೆ 205 ಅಂತ ತೋರಿಸ್ದ. ಅಷ್ಟು ಹೋಗಲ್ಲ ಅಂತ ನಂಗೂ ಗೊತ್ತಿತ್ತು ಭಟ್ರೇ.”

ಮೂರ್ತಿ ಮೊಬೈಲನ್ನ ಬೆಂಚಿನ ಮೇಲೆ ಮಗುಚಿಟ್ಟ. ಗೌಡ್ರು ಖಾಲಿ ಲೋಟದಿಂದ ಇನ್ನೊಂದು ಗುಟುಕು ಕುಡಿದ್ರು.

“ಮೊದಲ ಹೊಡೆತ ಮುಂದಕ್ಕಿರೋ ಟೀ ಬಾಕ್ಸಿಂದ ಹೊಡಿಯಪ್ಪ,” ಅಂದ್ರು ಭಟ್ರು, ಸ್ವಲ್ಪ ಹೊತ್ತಾದ ಮೇಲೆ. “25 ಗಜ ಬಿಟ್ಟಿ.”

“ನೀವು ಹೊಡೀತೀರಾ?”

ಭಟ್ರು ಉತ್ತರ ಕೊಡಲಿಲ್ಲ. ಟೀ ದುಡ್ಡು ಎಣಿಸಿಟ್ರು, ಪಂಚೆ ಎತ್ತಿ ಕಟ್ಟಿದ್ರು.

“ಕೊಡು ಇಲ್ಲಿ ಅಳಿಯನ್ನ. ಒಂದೇ ಒಂದು.”

ಮುಖ ಒರೆಸಿ ಹೊಸದಾಗಿ ಸೀಮೆಸುಣ್ಣ ಬಳಿದ್ರು. ಬೀಸಿದ್ರು. ಚೆಂಡು ಬೇಲಿ ಕಡೆ ಬಲಕ್ಕೆ ಸೊಟ್ಟಗೆ ಹೋಗಿ, 150ರ ಬೋರ್ಡಿಗಿಂತ ಈಚೆಗೆ ಬಿದ್ದು, ಎರಡು ಸಲ ಪುಟಿದು ನಿಂತಿತು.

“ಎಲ್ಲಿ ತಾಗಿತು?” ಸುಬ್ಬಣ್ಣ ಕತ್ತು ಚಾಚಿದ.

“ನಡುವೆ,” ಅಂದ್ರು ಭಟ್ರು. ಅಷ್ಟರಲ್ಲಿ ಪಂಚೆಯ ಚುಂಗಿನಿಂದ ಮುಖ ಒರೆಸಿಯಾಗಿತ್ತು.

ಮುನಿರಾಜು ಮಾತಾಡದೆ ಇನ್ನೊಂದು ಚೆಂಡು ಇಟ್ಟ.