ಚಿಕ್ಕಪ್ಪ, ಕಿಟ್‌ಗಳ ವಿಷಯಕ್ಕೆ ನನ್ನದೊಂದು ಮಾತು

ಚಿಕ್ಕಪ್ಪ, ನಮ್ಮ ಕುಟುಂಬದ ಗುಂಪಿನಲ್ಲಿ ನಿಮ್ಮ ಸಂದೇಶ ಕೇಳಿದೆ. ಅಜ್ಜನ ವರ್ಷಾಂತಿಕದ ದಿನ ಊರಿನ ಶಾಲೆಯಲ್ಲಿ ಕಾರ್ಯಕ್ರಮ ಇಟ್ಟು, ನೂರು ಮಂದಿ ಬಡ ಹಿರಿಯರಿಗೆ ಅಕ್ಕಿ, ಬೇಳೆ, ಎಣ್ಣೆಯ ಕಿಟ್ ಮತ್ತು ಒಂದೊಂದು ಕಂಬಳಿ ಕೊಡೋಣ ಎಂದಿದ್ದೀರಿ. ಮುಂಬಯಿಯ ಅತ್ತೆ, ದುಬೈಯ ಭಾವ ಆಗಲೇ ಹಣ ಕಳುಹಿಸುತ್ತೇವೆ ಎಂದಿದ್ದಾರೆ. ಅಜ್ಜನ ಹೆಸರಿನಲ್ಲಿ ಇಂಥ ಯೋಚನೆ ಬಂದದ್ದಕ್ಕೆ ನನಗೆ ನಿಜವಾಗಿಯೂ ಸಂತೋಷವಾಯಿತು. ಆದರೆ ಊರಿನಲ್ಲೇ ಇರುವವಳು ನಾನು. ಇಲ್ಲಿ ಕಂಡದ್ದನ್ನು ಹೇಳದೆ ಇರಲಾರೆ. ಸ್ವಲ್ಪ ಉದ್ದವಾಗುತ್ತದೆ, ಪೂರ್ತಿ ಕೇಳಿ.

ಶಾಲೆಯವರೆಗೆ ನಡೆದು ಬರುವವರು ಹೇಗೋ ಬದುಕಿಕೊಳ್ಳುತ್ತಾರೆ. ಹಾಸಿಗೆ ಹಿಡಿದವರು, ಗುಡ್ಡದ ಮೇಲಿನ ಮನೆಯಲ್ಲಿ ಒಬ್ಬರೇ ಇರುವವರು ಆ ದಿನ ಬರುವುದಿಲ್ಲ. ಇನ್ನು ಅಕ್ಕಿ. ನಮ್ಮ ಬಂಟ್ವಾಳದ ಕಡೆಯ ಹಿರಿಯರಿಗೆ ಕುಚ್ಚಲಕ್ಕಿಯ ಗಂಜಿಯೇ ಆಗಬೇಕು. ಪಡಿತರದ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯೇ ಎಷ್ಟೋ ಮನೆಗಳಲ್ಲಿ ದೋಸೆಗೆ ಮಾತ್ರ ಖರ್ಚಾಗುತ್ತದೆ. ಅದರ ಮೇಲೆ ಇನ್ನೊಂದು ಚೀಲ ಬೆಳ್ತಿಗೆ ಕೊಟ್ಟು ಏನು ಮಾಡುವುದು?

ತೋಡಿನ ಆಚೆಯ ಅಜ್ಜಿಯ ವಿಷಯ ಹೇಳುತ್ತೇನೆ. ಬೀಡಿ ಕಟ್ಟಿಯೇ ಮಕ್ಕಳನ್ನು ಸಾಕಿದವರು. ಸಂಧ್ಯಾ ಸುರಕ್ಷಾ ಯೋಜನೆಯ ತಿಂಗಳ 1,200 ರೂಪಾಯಿಯೇ ಅವರ ಆಧಾರ. ಅದು ಬರುವುದು ನಿಂತೇ ಹೋಯಿತು. ಸರಕಾರವೇ ನಿಲ್ಲಿಸಿರಬೇಕು ಎಂದುಕೊಂಡು ಅವರು ಸುಮ್ಮನಾಗಿದ್ದರು. ನಮ್ಮ ದೊಡ್ಡತ್ತೆಯ ಮಗ ಮೊಬೈಲಿನಲ್ಲಿ ಸರಕಾರದ ಹಣ ಯಾವ ಖಾತೆಗೆ ಹೋಗಿದೆ ಎಂದು ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್ ತೆರೆದು ನೋಡಿದರೆ ಹಣ ತಿಂಗಳು ತಿಂಗಳೂ ಹೋಗುತ್ತಿದೆ, ಆದರೆ ಬೇರೆ ಖಾತೆಗೆ. ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೇ ಪಿಂಚಣಿ ಹೋಗುವುದು. ಯಾವುದೋ ಶಿಬಿರದಲ್ಲಿ ಅವರಿಗೆ ಹೊಸ ಖಾತೆ ತೆರೆದುಕೊಟ್ಟಿದ್ದರು. ಆ ಪಾಸ್‌ಬುಕ್ ತಗಡಿನ ಪೆಟ್ಟಿಗೆಯಲ್ಲಿ, ಸೀರೆಗಳ ಅಡಿಯಲ್ಲಿ ಇತ್ತು.

ಹಣ ತೆಗೆಯಲು ಹೋದರೆ ಬೆರಳಚ್ಚಿನ ಯಂತ್ರ ಒಪ್ಪಲಿಲ್ಲ. ಎಲೆ ಸುತ್ತಿ ಸುತ್ತಿ ಬೆರಳಿನ ಗೆರೆಗಳೇ ಸವೆದಿವೆ. ಅಜ್ಜಿ ಹೆಬ್ಬೆರಳನ್ನು ಸೆರಗಿನಿಂದ ಒರೆಸಿ ಒತ್ತುವುದು, ಆಗುವುದಿಲ್ಲ ಎಂದಾಗ ಮತ್ತೆ ಒರೆಸುವುದು. ತನ್ನದೇ ತಪ್ಪು ಎಂಬಂತೆ ನಿಂತಿದ್ದರು. ನನಗೆ ಕಣ್ಣು ತುಂಬಿ ಬಂತು ಚಿಕ್ಕಪ್ಪ. ಕೊನೆಗೆ ಬ್ಯಾಂಕಿನ ಶಾಖೆಗೇ ಕರೆದುಕೊಂಡು ಹೋದೆವು. ಅಲ್ಲಿ ಪಾಸ್‌ಬುಕ್ ತೋರಿಸಿ ಚೀಟಿಯ ಮೇಲೆ ಶಾಯಿಯ ಹೆಬ್ಬೆಟ್ಟು ಒತ್ತಿಸಿದರು, ಹಣ ಕೈಗೆ ಬಂತು. ಇಷ್ಟೂ ದಿನ ಅವರಿಗೆ ಬೇಕಾಗಿದ್ದುದು ಜೊತೆಗೆ ಬರುವ ಒಬ್ಬರು, ಒಂದು ರಿಕ್ಷಾ ಬಾಡಿಗೆ.

ಮಾತ್ರೆಗಳದ್ದೂ ಇದೇ ಕಥೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಉಚಿತ. ಒಬ್ಬರು ಅಜ್ಜ ಅಲ್ಲಿಯದನ್ನೂ ನುಂಗಿ, ಅಂಗಡಿಯಿಂದ ತಂದ ಅದೇ ಔಷಧಿಯನ್ನು ಬೇರೆ ಹೆಸರಿನಲ್ಲಿ ಇನ್ನೊಮ್ಮೆ ನುಂಗುತ್ತಿದ್ದರು. ತಲೆ ಸುತ್ತುತ್ತದೆ ಎಂದರೆ ವಯಸ್ಸಾಯಿತು ಎಂದು ಮನೆಯವರು ಬಿಟ್ಟುಬಿಟ್ಟಿದ್ದರು. ಡಬ್ಬ ಸುರಿದು ಎರಡೂ ಪಟ್ಟಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ ನರ್ಸ್ ಬಳಿ ಕೇಳುವವರು ಒಬ್ಬರು ಬೇಕಿತ್ತು.

ಹೀಗೆ ಜೊತೆಗೆ ನಿಲ್ಲುವ ಕೆಲಸವನ್ನು ಚೆನ್ನಾಗಿ ಮಾಡಿ ತೋರಿಸಿದವರು ನಮ್ಮ ಪಕ್ಕದ ಕೇರಳದವರು. ಕೋಝಿಕ್ಕೋಡಿನಲ್ಲಿ 1993ರಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಜೊತೆಗಾರರು ನೋವು ಉಪಶಮನದ ಸಂಸ್ಥೆ ಆರಂಭಿಸಿದರು. ಆಮೇಲೆ ಮಲಪ್ಪುರಂ ಕಡೆ ಊರಿನ ಜನರೇ ನೆರೆಹೊರೆಯ ರೋಗಿಗಳನ್ನು ನೋಡಿಕೊಳ್ಳುವ ಜಾಲ ಕಟ್ಟಿದರು. ವಾರಕ್ಕೆ ಕನಿಷ್ಠ ಎರಡು ಗಂಟೆ ಕೊಡುವ ಯಾರನ್ನಾದರೂ ಸೇರಿಸಿಕೊಂಡು ತರಬೇತಿ ಕೊಡುತ್ತಿದ್ದರು. ಖರ್ಚಿನ ಬಹುಪಾಲು ಊರಿನವರ ಸಣ್ಣ ಸಣ್ಣ ದೇಣಿಗೆಯಿಂದಲೇ ಹೊರಡುತ್ತಿತ್ತು. 2008ರಲ್ಲಿ ಕೇರಳ ಸರಕಾರವೇ ಇದಕ್ಕೊಂದು ನೀತಿ ರೂಪಿಸಿತು. ಎರಡು ಗಂಟೆ ಚಿಕ್ಕಪ್ಪ, ವಾರಕ್ಕೆ ಬರೀ ಎರಡು ಗಂಟೆ. ನಮ್ಮ ಕುಟುಂಬದಲ್ಲಿ ಅಷ್ಟು ಕೊಡಬಲ್ಲವರು ಇಲ್ಲವೇ?

ಹಾಗಾಗಿ ಕಾರ್ಯಕ್ರಮದ ಹಣ ವರ್ಷಪೂರ್ತಿ ನಿಧಿಯಾಗಿ ಇರಲಿ. ರಿಕ್ಷಾ ಬಾಡಿಗೆಗೆ, ಔಷಧಿಗೆ, ತೀರಾ ಬೇಕಾದ ಮನೆಗೆ ಕುಚ್ಚಲಕ್ಕಿಗೆ ಬಳಸೋಣ. ಪುತ್ತೂರಿನ ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಭಾನುವಾರ ಇಬ್ಬಿಬ್ಬರಾಗಿ ಮನೆಗಳಿಗೆ ಹೋಗಲಿ, ಒಬ್ಬರೇ ಹೋಗುವುದು ಬೇಡ. ಯಾರ ಎಟಿಎಂ ಕಾರ್ಡನ್ನೂ, ಪಿನ್ ಸಂಖ್ಯೆಯನ್ನೂ ಇಟ್ಟುಕೊಳ್ಳಬಾರದು. ಫೋಟೋ ತೆಗೆದು ಗುಂಪಿಗೆ ಹಾಕಲೇಬಾರದು, ಈ ವಿಷಯದಲ್ಲಿ ನಾನು ಬಗ್ಗುವುದಿಲ್ಲ. ಮುಂಬಯಿ, ದುಬೈಯಲ್ಲಿ ಇರುವವರು ಒಬ್ಬೊಬ್ಬ ಹಿರಿಯರಿಗೆ ವಾರಕ್ಕೊಮ್ಮೆ ಫೋನ್ ಮಾಡಿ ಮಾತನಾಡಲಿ, ತುಳುವಿನಲ್ಲಿ. ಹೊಡೆಯುವುದು, ಮನೆಯಿಂದ ಹೊರಗೆ ಹಾಕುವುದು ಇಂಥದ್ದೇನಾದರೂ ಕಂಡರೆ ಹಿರಿಯರ ಸಹಾಯವಾಣಿ 14567 ಇದೆ. ಮಕ್ಕಳು ನೋಡಿಕೊಳ್ಳದಿದ್ದರೆ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದೇ ಇರುವ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಯವರಿಗೆ ದೂರು ಕೊಡಲು ಅವಕಾಶವೂ ಇದೆ.

ಹಾಸಿಗೆ ಹಿಡಿದವರ, ಒಬ್ಬರೇ ಇರುವವರ ಮನೆಗಳನ್ನು ಆಶಾ ಕಾರ್ಯಕರ್ತೆಯವರ ಜೊತೆ ಕುಳಿತು ಗುರುತು ಮಾಡುತ್ತೇನೆ. ವಾರದಲ್ಲಿ ಯಾವ ದಿನ ಬರಲು ಆಗುತ್ತದೆ ಎಂದು ಊರಿನಲ್ಲಿ ಇರುವವರು ಇಲ್ಲೇ ತಿಳಿಸಿ. ಚಿಕ್ಕಪ್ಪ, ಅಂಗಡಿಯವರಿಗೆ ಇನ್ನೂ ಮುಂಗಡ ಕೊಟ್ಟಿಲ್ಲವಾದರೆ ಸ್ವಲ್ಪ ತಡೆಯಿರಿ. ರಾತ್ರಿ ಫೋನ್ ಮಾಡುತ್ತೇನೆ.