ಲಾಡ್ಜ್‌ಗೆ ಏನು ಹಾಕಿಕೊಂಡು ಹೋಗಬೇಕು? ಗೊತ್ತಿದ್ದವರು ಹೇಳಿ

ನಾನಿರುವುದು ಇಂಗ್ಲೆಂಡ್‌ನಲ್ಲಿ. ಮುಂದಿನ ತಿಂಗಳು ಫ್ರೀಮೇಸನ್ ಅನ್ನೋ ಹಳೆಯ ಸೋದರ ಸಂಘದ ಇಲ್ಲಿನ ಒಂದು ಶಾಖೆಗೆ, ಅಂದರೆ ಲಾಡ್ಜ್‌ಗೆ ಸೇರುತ್ತಿದ್ದೇನೆ. ಕಪ್ಪು ಸೂಟ್, ಕಪ್ಪು ಟೈ, ಬಿಳಿ ಕೈಗವಸು ಅಂತ ಹೇಳಿದ್ದಾರೆ. ನನ್ನ ಹತ್ತಿರ ಮದುವೆಗೆ ಹೊಲಿಸಿದ ತಿಳಿನೀಲಿ ಸೂಟ್ ಒಂದೇ ಇದೆ. ಬಾಡಿಗೆಗೆ ತರಲಾ? ಸೊಂಟಕ್ಕೆ ಕುರಿಮರಿ ಚರ್ಮದ ಏಪ್ರನ್ ಬೇರೆ ಕಟ್ಟುತ್ತಾರಂತೆ, ಅದು ಯಾಕೆ? ಊರಲ್ಲಿರುವ ಅಮ್ಮನಿಗೆ ಲಾಡ್ಜ್ ಸೇರ್ತಿದ್ದೀನಿ ಅಂದೆ. "ಯಾಕೋ, ಹೆಂಡತಿ ಜೊತೆ ಜಗಳ ಆಯ್ತಾ?" ಅಂದರು.

ಲೀಡ್ಸ್‌ನಿಂದ:
ಬಾಡಿಗೆ ಬೇಡ ಸರ್. ವರ್ಷಕ್ಕೆ ನಾಲ್ಕೈದು ಸಲ ಬೇಕಾಗುತ್ತದೆ, ಒಂದು ಕಪ್ಪು ಸೂಟ್ ಕೊಂಡುಬಿಡಿ, ನಂದು ಚಾರಿಟಿ ಅಂಗಡಿಯದು, ಇವತ್ತಿನವರೆಗೆ ಯಾರೂ ಕೇಳಿಲ್ಲ. ಕೆಲವು ಹಿರಿಯರು ಕಪ್ಪು ಕೋಟಿನ ಜೊತೆ ಬೂದು ಪಟ್ಟೆ ಪ್ಯಾಂಟ್ ಹಾಕಿರುತ್ತಾರೆ, ಅದನ್ನು ನೋಡಿ ನೀವೂ ಹುಡುಕಲು ಹೋಗಬೇಡಿ. ಒಂದು ಕಾಲದಲ್ಲಿ ಲಂಡನ್ನಿನ ಬ್ಯಾಂಕು, ವಕೀಲರ ಆಫೀಸಿಗೆ ಹೋಗುವವರು ದಿನಾ ಹಾಕುತ್ತಿದ್ದದ್ದೇ ಅದು. ಆಫೀಸಲ್ಲಿ ಹೋಯಿತು, ಲಾಡ್ಜ್‌ನಲ್ಲಿ ಉಳಿಯಿತು, ಅಷ್ಟೇ.

ಏಪ್ರನ್ ಈಗಲೇ ಕೊಳ್ಳಬೇಡಿ. ಸದಸ್ಯರಿಗೆ ಮೂರು ಹಂತ, ಮೊದಲ ಹಂತದ ಬಿಳಿ ಏಪ್ರನ್ನನ್ನು ಅಲ್ಲೇ ಕಟ್ಟುತ್ತಾರೆ. ಇನ್ನೊಂದು ವಿಷಯ. ಸೇರುವ ದಿನ ಮೈಮೇಲಿನ ಲೋಹ ಎಲ್ಲ ತೆಗೆಸುತ್ತಾರೆ, ಉಂಗುರ, ವಾಚು, ಜೇಬಿನ ಚಿಲ್ಲರೆ ಕೂಡ. ನನಗೆ ಬೆಳ್ಳಿ ಉಡಿದಾರ ಇರುವುದು ಬಾಗಿಲ ಹತ್ತಿರ ನೆನಪಾಯಿತು! ಕೋಟು ಬಿಚ್ಚಿ, ಒಂದು ಪ್ಯಾಂಟ್ ಕಾಲು ಮಡಚಿ ನಿಂತಿದ್ದವನು ಅದೇನು ಅಂತ ಇಂಗ್ಲಿಷರಿಗೆ ವಿವರಿಸಬೇಕಾಯಿತು. ಮನೆಯಲ್ಲೇ ಬಿಚ್ಚಿಟ್ಟು ಹೋಗಿ.

ಇತಿಹಾಸದ ಹುಚ್ಚಿರುವವನು:
ಏಪ್ರನ್ ಯಾಕೆ ಅಂದರೆ, ಮೇಸನ್ ಅಂದರೆ ಕಲ್ಲು ಕೆಲಸದವನು, ನಮ್ಮ ಮೇಸ್ತ್ರಿ. ಕಲ್ಲಿನ ಚಕ್ಕೆ ತಾಗದಿರಲಿ ಅಂತ ಮೊಣಕಾಲಿನವರೆಗೂ ಇಳಿಯುವ ದಪ್ಪ ಚರ್ಮ ಕಟ್ಟುತ್ತಿದ್ದರು. ಆಮೇಲೆ ಉಳಿ ಹಿಡಿಯದ ದೊಡ್ಡ ಮನುಷ್ಯರು ಸೇರತೊಡಗಿದರು. 1717ರಲ್ಲಿ ಲಂಡನ್ನಿನಲ್ಲಿ ಲಾಡ್ಜ್‌ಗಳ ಮೇಲಿನ ಸಂಸ್ಥೆಯಾಗಿ ಗ್ರ್ಯಾಂಡ್ ಲಾಡ್ಜ್ ಆಯಿತು, ಏಪ್ರನ್ ಸಣ್ಣದಾಗುತ್ತಾ ಬಂತು, ರೇಷ್ಮೆ, ಕಸೂತಿ, ಬಣ್ಣದ ಚಿತ್ರ ಅಂತ ಒಬ್ಬೊಬ್ಬರದು ಒಂದೊಂದು ಥರ. 1813ರಲ್ಲಿ ಅದೂ, ಆಮೇಲೆ ಹುಟ್ಟಿ ಅದರ ಜೊತೆ ಜಗಳವಾಡುತ್ತಿದ್ದ ಇನ್ನೊಂದೂ ಸೇರಿ ಎರಡು ಗ್ರ್ಯಾಂಡ್ ಲಾಡ್ಜ್‌ಗಳು ಒಂದಾದ ಮೇಲೆ ಇದಕ್ಕೆಲ್ಲ ಅಳತೆ ಬಂತು. ಈಗ ಅಗಲ 14ರಿಂದ 16 ಇಂಚು, ಉದ್ದ 12ರಿಂದ 14. ಮೊದಲ ಹಂತಕ್ಕೆ ಪೂರಾ ಬಿಳಿ, ಎರಡನೆಯದಕ್ಕೆ ಎರಡು ನೀಲಿ ಹೂವು, ಮೂರನೆಯದಕ್ಕೆ ನೀಲಿ ಅಂಚು ಮತ್ತು ಮುಂದೆ ಜೋತುಬಿದ್ದ ಬೆಳ್ಳಿ ಗೊಂಡೆ. ಸೊಂಟ ಸುತ್ತಿ ಮುಂದೆ ಗಂಟು ಹಾಕುತ್ತಿದ್ದ ದಾರದ ತುದಿಯೇ ಗೊಂಡೆಯಾಯಿತು ಅಂತಾರೆ, ನನಗೂ ಅದೇ ಸರಿ ಅನ್ನಿಸುತ್ತದೆ.

ಕೈಗವಸು ಇನ್ನೂ ಹಳೆಯದು. ಸ್ಕಾಟ್ಲೆಂಡ್ ರಾಜನ ಕಟ್ಟಡಗಳ ಉಸ್ತುವಾರಿ ವಿಲಿಯಂ ಶಾ 1599ರಲ್ಲಿ ಕಲ್ಲು ಕೆಲಸದವರಿಗೆ ಬರೆದ ನಿಯಮದಲ್ಲೇ, ಹೊಸದಾಗಿ ಸೇರುವವನು ಊಟದ ಖರ್ಚಿನ ಜೊತೆ 10 ಷಿಲಿಂಗ್‌ನ ಕೈಗವಸು ಕೊಡಬೇಕು ಅಂತಿದೆ. ಪದಾಧಿಕಾರಿಗಳ ಕೊರಳಪಟ್ಟಿಯಲ್ಲಿ ನೇತಾಡುವುದನ್ನೂ ಗಮನಿಸಿ. ಲಾಡ್ಜ್‌ನ ಮುಖ್ಯಸ್ಥ ಮಾಸ್ಟರ್‌ಗೆ ಮೂಲೆಮಟ್ಟ, ಅವರ ಕೆಳಗಿನ ಇಬ್ಬರು ವಾರ್ಡನ್‌ಗಳಲ್ಲಿ ಒಬ್ಬರಿಗೆ ಮಟ್ಟ, ಇನ್ನೊಬ್ಬರಿಗೆ ತೂಕದ ಗುಂಡು. ಮನೆ ಕಟ್ಟಿಸಿದವರಿಗೆ ಎಲ್ಲ ಗುರುತು ಸಿಗುತ್ತದೆ.

ಅಮೆರಿಕದಿಂದ:
ಇಲ್ಲಿ ಒಂದೊಂದು ಲಾಡ್ಜ್ ಒಂದೊಂದು ಥರ. ಒಂದು ಕಡೆ ಟಕ್ಸೀಡೋ, ಇನ್ನೊಂದು ಕಡೆ ಜೀನ್ಸ್ ಮೇಲೆ ಏಪ್ರನ್. ಮಾಸ್ಟರ್ ಒಬ್ಬರೇ ತಲೆಗೆ ಹ್ಯಾಟ್ ಹಾಕಿರುತ್ತಾರೆ. 1793ರಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಇಲ್ಲಿನ ಸಂಸತ್ ಕಟ್ಟಡಕ್ಕೆ ಅಡಿಗಲ್ಲು ಹಾಕಿದ್ದೂ ಏಪ್ರನ್ ಕಟ್ಟಿಕೊಂಡೇ.

ಬೆಂಗಳೂರಿನಿಂದ:
ಅಮ್ಮನಿಗೆ ಹೇಳಿ, ವಿವೇಕಾನಂದರೂ ಸನ್ಯಾಸಿಯಾಗುವ ಮೊದಲು, 1884ರಲ್ಲಿ, ಕಲ್ಕತ್ತಾದ ಲಾಡ್ಜ್ ಒಂದಕ್ಕೆ ಸೇರಿದ್ದರು ಅಂತ. ನನ್ನ ಮನೆಯಲ್ಲಿ ಆ ಒಂದು ಮಾತಿಗೇ ಎಲ್ಲರೂ ಸುಮ್ನಾದರು. ಚರ್ಮ ಬೇಡ ಅನ್ನಿಸಿದರೆ ಸೆಕ್ರೆಟರಿಗೆ ಮೊದಲೇ ತಿಳಿಸಿ, ರೆಕ್ಸಿನ್ ಥರದ್ದರಲ್ಲೂ ಏಪ್ರನ್ ಮಾಡುತ್ತಾರೆ. ಸೇರುವಾಗ ಮಾಡುವ ಪ್ರಮಾಣಕ್ಕೂ ನಿಮ್ಮ ಧರ್ಮದ ಗ್ರಂಥವನ್ನೇ ಕೇಳಬಹುದು, ನಾನು ಗೀತೆ ಕೇಳಿದ್ದೆ.

ಕೇಳಿದವನು:
ಎಲ್ಲರಿಗೂ ಥ್ಯಾಂಕ್ಸ್. ಕಪ್ಪು ಸೂಟ್ ನೋಡಲು ಶನಿವಾರ ಹೋಗುತ್ತೇನೆ. ಸೆಕ್ರೆಟರಿಗೂ ಬರೆದೆ. ಲೀಡ್ಸ್ ಸರ್, ಉಡಿದಾರ ನನಗೂ ಇದೆ, ಹನ್ನೆರಡು ವರ್ಷದಿಂದ ಬಿಚ್ಚಿಲ್ಲ, ಕೊಂಡಿ ಬರುತ್ತಿಲ್ಲ. ನೀವು ಹೇಗೆ ತೆಗೆದಿರಿ?