ಪದಚರ್ಚೆ: ಅಕ್ಸೆಶನ್ ನಂಬರ್, ಶೆರ್ಡ್, ಕನ್ಸರ್ವೇಶನ್‌ಗೆ ಕನ್ನಡ ಬೇಕು (ತುರ್ತು, ನಾಳೆ ಬೋರ್ಡ್ ಬರೆಸಬೇಕು)

ಕೇಳಿದವರು:

ಎಲ್ಲರಿಗೂ ನಮಸ್ಕಾರ.

ಉತ್ಖನನದಿಂದ ಬಂದ ವಸ್ತುಗಳನ್ನು ತೊಳೆದು, ಒಣಗಿಸಿ, ನಂಬರ್ ಬರೆದು ಮ್ಯೂಸಿಯಂ ಉಗ್ರಾಣಕ್ಕೆ ಸೇರಿಸುವ ಪ್ರಯೋಗಾಲಯ ನೋಡಿಕೊಳ್ಳುವ ಕೆಲಸ ನನ್ನದು. ಫಲಕಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಈಗ ಕನ್ನಡದಲ್ಲಿ ಬರೆಸುತ್ತಿದ್ದೇವೆ. ಬೋರ್ಡ್ ಬರೆಯುವವರು ನಾಳೆ ಮಧ್ಯಾಹ್ನ ಬರುತ್ತಾರೆ. ಮೂರು ಪದ ಬಗೆಹರಿಯುತ್ತಿಲ್ಲ.

ಒಂದು, ಅಕ್ಸೆಶನ್ ನಂಬರ್. ವಸ್ತು ಮ್ಯೂಸಿಯಂ ಸ್ವತ್ತಾಗಿ ಸೇರಿದಾಗ ಕೊಡುವ ನಂಬರ್ ಇದು. 2024.7.31 ಅಂತಿದ್ದರೆ, 2024ರಲ್ಲಿ ಬಂದ ಏಳನೇ ಕಂತಿನ 31ನೇ ವಸ್ತು. ಕಂಪ್ಯೂಟರ್ ಅನುವಾದ "ಪ್ರವೇಶ ಸಂಖ್ಯೆ" ಅಂತ ಕೊಟ್ಟಿತು. ಪರೀಕ್ಷೆಯ ಹಾಲ್‌ಟಿಕೆಟ್ ನೆನಪಾಗುತ್ತದೆ, ಅಲ್ವಾ?

ಎರಡು, ಶೆರ್ಡ್. ಒಡೆದ ಮಡಕೆಯ ಚೂರು. ನಮ್ಮಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವುದು ಇದೇ.

ಮೂರು, ಕನ್ಸರ್ವೇಶನ್. ದೊಡ್ಡ ತಲೆನೋವು ಇದು. ಒಂದು ಟ್ರೇ ಮೇಲೆ "ಸಂರಕ್ಷಣೆಗೆ" ಅಂತ ಚೀಟಿ ಅಂಟಿಸಿದ್ದೆ. ಕನ್ಸರ್ವೇಟರ್ (ಹಳೆಯ ವಸ್ತು ಹಾಳಾಗದಂತೆ ಉಪಚಾರ ಮಾಡುವವರು) ನೋಡುವ ತನಕ ಯಾರೂ ಕೈ ಹಾಕಬಾರದು ಅಂತ ನನ್ನ ಲೆಕ್ಕ. ಹೊಸದಾಗಿ ಸೇರಿದ ಹುಡುಗ ಚೀಟಿ ಓದಿ, ಟ್ರೇಯಲ್ಲಿದ್ದ ಅಷ್ಟನ್ನೂ ಬಕೆಟ್ಟಿಗೆ ಹಾಕಿ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿದ. ಅದರಲ್ಲಿ ಅಡುಗೆ ಮಡಕೆಯ ತಳವೊಂದಿತ್ತು. ಒಳಗೆಲ್ಲ ಕರಿ ಕಟ್ಟಿತ್ತು. ಅದರಲ್ಲಿ ಏನು ಬೇಯುತ್ತಿತ್ತು ಅಂತ ಆ ಕರಿಯನ್ನು ಪರೀಕ್ಷಿಸಿ ತಿಳಿಯಬಹುದಿತ್ತು. ನಾನು ಬರುವಷ್ಟರಲ್ಲಿ ಮಡಕೆ ಕೆಂಪಗೆ ಹೊಳೆಯುತ್ತಿತ್ತು, ಬಕೆಟ್ಟಿನ ನೀರು ಕಪ್ಪಗಿತ್ತು. "ಸಂರಕ್ಷಣೆ ಅಂದ್ರೆ ಚೆನ್ನಾಗಿ ಇಡೋದು ತಾನೇ ಮೇಡಂ?" ಅಂದ. ಬೈಯಲಿಲ್ಲ. ಚೀಟಿ ಬರೆದವಳು ನಾನೇ.

ಹಾಗಾಗಿ ಓದಿದ ತಕ್ಷಣ ಗೊತ್ತಾಗುವ ಪದ ಬೇಕು. ನಿಘಂಟಿಗಲ್ಲ, ಗೋಡೆಗೆ.

ಮೇಷ್ಟ್ರು:

ಶೆರ್ಡ್ ಅಂದರೆ ಓಡು. ತಮಿಳಿನಲ್ಲೂ ಓಡು. "ತಲೆಯೋಡು" ಎನ್ನುವಾಗ ಬರುವ ಓಡು ಇದೇ. 1894ರ ಕಿಟ್ಟೆಲ್ ನಿಘಂಟು ತೆಗೆದು ನೋಡಿ. ಚರ್ಚೆಗೆ ಏನೂ ಉಳಿದಿಲ್ಲ.

ಅಕ್ಸೆಶನ್‌ಗೆ "ನೋಂದಣಿ". ಅಚ್ಚ ದೇಸಿ ಪದ. "ನೋಡು" ಧಾತುವಿನಿಂದ ಬಂದದ್ದು. ನೋಡಿ ಬರೆದಿಟ್ಟದ್ದೇ ನೋಂದಣಿ. ಇಷ್ಟು ಒಳ್ಳೆಯ ಪದ ಕೈಯಲ್ಲಿಟ್ಟುಕೊಂಡು ಇಂಗ್ಲಿಷಿಗೆ ಅಳುವುದು ಯಾಕೋ.

ಅನುವಾದಕಿ:

ಮೇಷ್ಟ್ರೇ, ಬಾಗಿಲ ಮೇಲೆ "ಓಡು" ಅಂತ ದೊಡ್ಡದಾಗಿ ಬರೆಸಿದರೆ ಬಂದವರು ಓಡಿಯೇ ಹೋಗುತ್ತಾರೆ.

"ಬೋಕಿ" ಇದೆಯಲ್ಲ. ಕುಂಟೆಬಿಲ್ಲೆ ಆಡಲು ಬೋಕಿಯನ್ನು ಕಲ್ಲಿಗೆ ತಿಕ್ಕಿ ದುಂಡಗೆ ಮಾಡಿಕೊಂಡವರಿಗೆಲ್ಲ ಗೊತ್ತು. ಹಾಗೆ ತಿಕ್ಕಿ ದುಂಡಗಾದ ಮಡಕೆ ಚೂರುಗಳು ಅಗೆತದಲ್ಲೂ ಸಿಗುತ್ತವೆ. ಉತ್ಖನನ ವರದಿಗಳು ಅವನ್ನು "ಹಾಪ್‌ಸ್ಕಾಚ್" ಅಂತ ಆಟದ ಹೆಸರಿನಲ್ಲೇ ಪಟ್ಟಿ ಮಾಡುತ್ತವೆ. ಬೋಕಿ ಅಂತಲೇ ಬರೆಸಿ.

ನೋಂದಣಿ ಮರಾಠಿಯದು. ಅಲ್ಲಿ ನೋಂದ್ ಅಂದರೆ ಬರೆದಿಟ್ಟ ಟಿಪ್ಪಣಿ. ಸದ್ದು ಹೋಲಿತು ಅಂತ ಸುಮ್ನೆ ಧಾತು ಹೇಳಬೇಡಿ.

ಮೇಷ್ಟ್ರು:

ಮರಾಠಿಯವರು ನಮ್ಮಿಂದ ತೆಗೆದುಕೊಂಡಿರಬಾರದೇಕೆ?

ಅನುವಾದಕಿ:

ಆಧಾರ ಕೊಡಿ, ಒಪ್ಪುತ್ತೇನೆ.

ಗ್ರಂಥಪಾಲಕ:

ಹಿಂದಿಯ ಲೈಬ್ರರಿಯವರು ಅಕ್ಸೆಶನ್ ನಂಬರ್‌ಗೆ "ಪರಿಗ್ರಹಣ ಸಂಖ್ಯೆ" ಅನ್ನುತ್ತಾರೆ. ಸಂಸ್ಕೃತ ಪದ, ನಮಗೂ ನಡೆಯುತ್ತದೆ. ಪುಸ್ತಕಕ್ಕೆ ಸಲ್ಲುವುದು ಮಡಕೆಗೂ ಸಲ್ಲುತ್ತದೆ.

ಅನುವಾದಕಿ:

ಪರಿಗ್ರಹ ಅಂದರೆ ನಮ್ಮ ಓದುಗರಿಗೆ ಮೊದಲು ನೆನಪಾಗುವುದು ಜೈನರ ಅಪರಿಗ್ರಹ ವ್ರತ. ಏನನ್ನೂ ಕೂಡಿಡಬೇಡ ಅನ್ನುವುದು ಅದು. ಮ್ಯೂಸಿಯಂ ಉಗ್ರಾಣದ ಬಾಗಿಲಿಗೆ ಒಳ್ಳೆಯ ತಮಾಷೆ ಆದೀತು.

ಅಚ್ಚಗನ್ನಡಿಗ:

ಪರಿಗ್ರಹಣ, ಸಂರಕ್ಷಣೆ, ಸಂಖ್ಯೆ. ಇವುಗಳಲ್ಲಿ ಕನ್ನಡ ಎಲ್ಲಿದೆ? "ಸೇರಿಕೆ ಎಣಿ" ಅನ್ನಿ. ಕನ್ಸರ್ವೇಶನ್‌ಗೆ "ಕಾಪಿಡುವಿಕೆ". ಕಾ, ಕಾಪು, ಕಾಪಾಡು, ಕಾಪಿಡು. ಬೇರು ಇಲ್ಲೇ ಇದೆ. ಎರವಲು ತಂದವರೇ ಕನ್ನಡ ಬಡವ ಅನ್ನುತ್ತಾರೆ.

ಅನುವಾದಕಿ:

ಕಾಪಿಡು ಚೆನ್ನಾಗಿದೆ, ನಾನೂ ಬಳಸುತ್ತೇನೆ. "ಎಣಿ" ಕೇಳಿದರೆ ಯಾರೋ ಎಣಿಸಲು ಹೇಳಿದಂತಿದೆ.

ಎರವಲನ್ನೆಲ್ಲ ಹೊರಗೆ ಹಾಕಿದರೆ ಆ ಪ್ರಯೋಗಾಲಯದಲ್ಲಿ ಉಳಿಯುವುದೇನು ಹೇಳಿ. ಕಾಗದ ಪಾರಸಿ. ಕುರ್ಚಿ ಅರಬ್ಬಿ. ಅಲಮಾರು ಪೋರ್ಚುಗೀಸರದು. ಕೊನೆಗೆ ನಿಲ್ಲಲು ಜಾಗ ಸಿಗಬಹುದು. ಆ "ಜಾಗ"ವೂ ಹೊರಗಿನದೇ.

ಅಚ್ಚಗನ್ನಡಿಗ:

ಇದೇ ಮಾತು ಎಷ್ಟು ಸಲ ಕೇಳುವುದು? ಹಳೆಯ ಎರವಲು ಇದೆ ಅಂತ ಹೊಸದಕ್ಕೂ ಬಾಗಿಲು ತೆಗೆಯಬೇಕೇ?

ಕನ್ಸರ್ವೇಟರ್:

ಬೋರ್ಡ್ ನಾಳೆ. ಸ್ವಲ್ಪ ಕೆಲಸದ ಮಾತಾಡೋಣ.

ಕನ್ಸರ್ವೇಶನ್ ಅನ್ನುವ ಒಂದು ಪದದೊಳಗೆ ಮೂರು ಕೆಲಸಗಳಿವೆ. 2008ರಲ್ಲಿ ಹೊಸದಿಲ್ಲಿಯಲ್ಲಿ ನಡೆದ ಐಕಾಮ್ (ಮ್ಯೂಸಿಯಂಗಳ ಅಂತರರಾಷ್ಟ್ರೀಯ ಮಂಡಳಿ) ಸಂರಕ್ಷಣಾ ಸಮಿತಿಯ ಸಮ್ಮೇಳನ ಇದನ್ನು ಹೀಗೇ ವಿಂಗಡಿಸಿತು. ಹಾಳಾಗದ ಹಾಗೆ ಸುತ್ತಲಿನದನ್ನು ನೋಡಿಕೊಳ್ಳುವುದು ಒಂದು. ಹಾಳಾಗುತ್ತಿರುವುದನ್ನು ತಡೆಯಲು ವಸ್ತುವಿಗೇ ಮಾಡುವ ಉಪಚಾರ ಇನ್ನೊಂದು. ನೋಡಿದವರಿಗೆ ಅರ್ಥವಾಗುವ ಹಾಗೆ ರೂಪ ತಿದ್ದುವುದು ಮೂರನೆಯದು. ಮೊದಲನೆಯದಕ್ಕೆ "ಕಾಪಿಡುವುದು" ಹೊಂದುತ್ತದೆ. ಎರಡನೆಯದಕ್ಕೆ ನಾವು ಕೆಲಸದ ಮೇಜಿನಲ್ಲಿ "ಚಿಕಿತ್ಸೆ" ಅನ್ನುತ್ತೇವೆ. ಸಂರಕ್ಷಣೆ ಮೂರಕ್ಕೂ ಮೇಲಿನ ಕೊಡೆ. ಇಲಾಖೆಯ ಹೆಸರಿಗೆ ಸರಿ. ಟ್ರೇಗೆ ಖಂಡಿತ ಬೇಡ.

ಇನ್ನೊಂದು ಎಚ್ಚರಿಕೆ. ಕಂಚಿನ ವಸ್ತುಗಳಿರುವ ಡಬ್ಬಿಯ ಮೇಲೆ "ಕಿಲುಬು" ಅಂತ ಬರೆಸಬೇಡಿ. ಕಿಲುಬು ಅಂದ ತಕ್ಷಣ ನಮ್ಮವರ ಕೈ ತಿಕ್ಕಲು ಹೋಗುತ್ತದೆ. ಗಟ್ಟಿಯಾಗಿ ಕೂತ ಹಸಿರು ಪದರ ವಸ್ತುವನ್ನು ಕಾಯುತ್ತಿರುತ್ತದೆ. ಭಯಪಡಬೇಕಾದ್ದು ತಿಳಿಹಸಿರಾಗಿ ಪುಡಿಪುಡಿಯಾಗಿ ಉದುರುವುದಕ್ಕೆ. ಒಳಗಿರುವ ಕ್ಲೋರೈಡ್ ತೇವ ಮತ್ತು ಗಾಳಿ ಸಿಕ್ಕರೆ ಲೋಹವನ್ನು ತಿನ್ನುತ್ತಾ ಹೋಗುತ್ತದೆ. ನಾವು ಅದನ್ನು "ಕಂಚಿನ ರೋಗ" ಅಂತಲೇ ಕರೆಯುತ್ತೇವೆ. ಅಂಥದ್ದನ್ನು ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕು, ಒಳಗಿನ ಆರ್ದ್ರತೆ ಶೇ. 35ಕ್ಕಿಂತ ಕೆಳಗಿರಬೇಕು. ನೀರಿನ ಬಕೆಟ್ ಹತ್ತಿರವೂ ತರಬಾರದು.

ಮೇಷ್ಟ್ರು:

ರೂಪ ತಿದ್ದುವ ಆ ಮೂರನೆಯ ಕೆಲಸಕ್ಕೆ ಶಾಸನಗಳಲ್ಲೇ ಪದ ಇದೆ. "ಖಂಡಸ್ಫುಟಿತ ಜೀರ್ಣೋದ್ಧಾರ". ದೇವಾಲಯಗಳಿಗೆ ಕೊಟ್ಟ ದಾನಶಾಸನಗಳಲ್ಲಿ ಎಷ್ಟು ಕಡೆ ಬರುತ್ತದೆ! ಖಂಡ ಅಂದರೆ ಮುರಿದದ್ದು, ಸ್ಫುಟಿತ ಅಂದರೆ ಬಿರುಕು ಬಿಟ್ಟದ್ದು. ಇದಕ್ಕಿಂತ ಕರಾರುವಾಕ್ಕಾದ ಪದ ಇನ್ನೆಲ್ಲಿ ತರುತ್ತೀರಿ?

ಕನ್ಸರ್ವೇಟರ್:

ಪದ ಸೊಗಸಾಗಿದೆ, ನಮಗೆ ಬೇಡ. ಜೀರ್ಣೋದ್ಧಾರ ಅಂದರೆ ಹಳೆಯದನ್ನು ಹೊಸದು ಮಾಡುವುದು. ನಮ್ಮದು ಹಾಗಲ್ಲ. ಮಡಕೆಯ ತೂತಿಗೆ ಪ್ಲಾಸ್ಟರ್ ತುಂಬಿದರೆ ತುಂಬಿದ ಭಾಗ ಯಾವುದು ಅಂತ ಹತ್ತಿರದಿಂದ ನೋಡಿದವರಿಗೆ ಗೊತ್ತಾಗಬೇಕು. ಬೇಡ ಅನಿಸಿದ ದಿನ ತೆಗೆಯಲೂ ಬರಬೇಕು.

ಮೇಷ್ಟ್ರು:

ಸರಿ ಬಿಡಿ. ದಾಖಲೆ ಪುಸ್ತಕಕ್ಕಾದರೂ "ಕಡತ" ಅನ್ನಿ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದು, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಅದು ಕಡತ.

ಕೇಳಿದವರು:

ಮೇಷ್ಟ್ರೇ, ನಮ್ಮ ಉಗ್ರಾಣದಲ್ಲಿ ನಿಜವಾದ ಕಡತಗಳೇ ಎರಡಿವೆ. "ಕಡತದಲ್ಲಿ ಬರೆಯಿರಿ" ಅಂತ ಬೋರ್ಡ್ ಹಾಕಿದರೆ ನಮ್ಮ ಹುಡುಗ ಏನು ಮಾಡಬಹುದು ಅಂತ ಯೋಚಿಸಿ.

ನೋಂದಣಿ ಬೇಡ ಅನ್ನಲು ನನಗೆ ಬೇರೆ ಕಾರಣ ಇದೆ. ಅಗೆದ ಜಾಗದಲ್ಲೇ ಪ್ರತಿ ವಸ್ತುವಿಗೂ ಒಂದು ನೋಂದಣಿ ನಂಬರ್ ಬಿದ್ದಿರುತ್ತದೆ. ಯಾವ ಗುಂಡಿ, ಯಾವ ಪದರ ಅನ್ನುವ ವಿವರ ಅದರ ಜೊತೆಗಿರುತ್ತದೆ. ಮ್ಯೂಸಿಯಂ ನಂಬರ್ ಆಮೇಲಿನದು. ಎರಡಕ್ಕೂ ಒಂದೇ ಹೆಸರಾದರೆ ಚೀಲ ಅದಲುಬದಲಾಗುವುದು ಗ್ಯಾರಂಟಿ. ಎರವಲಾಗಿ ಬಂದ ವಸ್ತುವಿಗೆ ಮ್ಯೂಸಿಯಂ ನಂಬರ್ ಕೊಡುವುದೇ ಇಲ್ಲ.

ಅನುವಾದಕಿ:

ಹಾಗಾದರೆ "ದಾಖಲು ಸಂಖ್ಯೆ". ಅರಬ್ಬಿಯಲ್ಲಿ ದಾಖಿಲ್ ಅಂದರೆ ಒಳಗೆ ಬಂದದ್ದು. ಅಕ್ಸೆಶನ್‌ನ ಹೂರಣ ಅದೇ. ದಾಖಲಾತಿ ಅಂದರೆ ಶಾಲೆಗೆ ಸೇರುವುದು ಅಂತ ಎಲ್ಲರಿಗೂ ಗೊತ್ತು. ಎರವಲು ವಸ್ತು ಇನ್ನೂ ದಾಖಲಾಗಿಲ್ಲ ಅಂದರೂ ಕೇಳಲು ಸಹಜವಾಗಿದೆ.

ಅಚ್ಚಗನ್ನಡಿಗ:

ಸಂಸ್ಕೃತ ಬಿಟ್ಟು ಅರಬ್ಬಿಗೆ ಹೋದಿರಿ. ಅಭಿನಂದನೆಗಳು.

ಕೇಳಿದವರು:

ದಾಖಲು ಸಂಖ್ಯೆ ಗಟ್ಟಿ ಮಾಡಿದೆ. ಪದ ಬೇಕಾಗಿರುವುದು ಪುಸ್ತಕಕ್ಕೆ ಮತ್ತು ಟ್ರೇಗೆ ಮಾತ್ರ. ಬೋಕಿಯ ಮೇಲೆ ಬರೀ ಅಂಕಿ ಇರುತ್ತದೆ. ಪ್ಯಾರಲಾಯ್ಡ್ ಬಿ-72 ಅನ್ನುವ ಪಾರದರ್ಶಕ ಅಂಟು ಒಂದು ಪದರ ಹಚ್ಚಿ, ಒಣಗಿದ ಮೇಲೆ ಶಾಯಿಯಲ್ಲಿ ಬರೆದು, ಮೇಲೆ ಇನ್ನೊಂದು ಪದರ ಹಚ್ಚುತ್ತೇವೆ. ಅಸಿಟೋನ್ ತಾಗಿಸಿದರೆ ಪೂರ್ತಿ ಹೋಗುತ್ತದೆ. ಒಡೆದ ಅಂಚಿನ ಮೇಲೆ ಬರೆಯುವಂತಿಲ್ಲ. ಪಕ್ಕದ ಚೂರು ಸಿಕ್ಕರೆ ಕೂಡಿಸಬೇಕಲ್ಲ.

ಮೂರು ಬೋರ್ಡಿಗೆ ಹೀಗೆ ಬರೆಸುತ್ತಿದ್ದೇನೆ:

ಬೋಕಿ: ತೊಳೆಯಬಹುದು

ಒಣಗುತ್ತಿವೆ: ಎತ್ತಬೇಡಿ

ನೀರು ತಾಗಿಸಬೇಡಿ, ತಿಕ್ಕಬೇಡಿ. ಕೇಳಿ ಮುಟ್ಟಿ

ಕನ್ಸರ್ವೇಟರ್:

ಮೂರನೆಯ ಬೋರ್ಡಿನ ಕಪಾಟಿನಲ್ಲಿ ನೀರಿನಡಿ ಸಿಕ್ಕ ಮರವೂ ಇದ್ದರೆ ಅದಕ್ಕೆ ಬೇರೆ ಚೀಟಿ ಹಾಕಿ. ಅದು ಒದ್ದೆಯಾಗೇ ಇರಬೇಕು. ಒಣಗಿದರೆ ಕುಗ್ಗಿ ಸೀಳುತ್ತದೆ.

ಕೇಳಿದವರು:

ಅಯ್ಯೋ, ಒಂದು ಡಬ್ಬಿ ಇದೆ. "ನೀರು ಆರಬಾರದು" ಅಂತ ಬರೆದು ಬೇರೆ ಕಡೆ ಇಡುತ್ತೇನೆ.

ಮೇಷ್ಟ್ರು:

"ತಾಗಿಸಬೇಡಿ" ಅಲ್ಲ, "ಸೋಂಕಿಸಬೇಡಿ". ಹಳಗನ್ನಡದಲ್ಲಿ ಸೋಂಕು ಅಂದರೆ ಮುಟ್ಟುವುದು.

ಅನುವಾದಕಿ:

ಸೋಂಕು ಅಂತ ಓದಿದರೆ ಈಗಿನವರು ಮಾಸ್ಕ್ ಹಾಕಿಕೊಂಡು ಬರುತ್ತಾರೆ.

ಕೇಳಿದವರು:

ಬಣ್ಣ ಆಗಲೇ ಒಣಗಿತು ಮೇಷ್ಟ್ರೇ. ಹುಡುಗನನ್ನೇ ಕರೆದು ಓದಿಸಿದೆ. ಮೊದಲ ಎರಡಕ್ಕೆ ತಲೆಯಾಡಿಸಿದ. ಮೂರನೆಯದರ ಮುಂದೆ ಸ್ವಲ್ಪ ಹೊತ್ತು ನಿಂತು, "ಮೇಡಂ, ಕೇಳಿ ಅಂದ್ರೆ ಯಾರನ್ನ?" ಅಂದ. ಬೋರ್ಡಿನ ಕೆಳಗೆ ನನ್ನ ಟೇಬಲ್ ಕಡೆಗೊಂದು ಬಾಣದ ಗುರುತು ಹಾಕಿಸಿದ್ದೇನೆ.